ಪದ್ದು ಕಟ್ಟಿದ ದಾರ

"ಎಂತದೂ ಮುಟ್ಟುಕ್ ಹೋಗ್ಬೇಡಿ" ಎಂದು ಹೇಳಿಯೇ ಪದ್ದು ಮುಂಬೈ ಬಸ್ಸು ಹತ್ತಿದಳು. ಹೇಳಿದ್ದು ಒಂದು ಸಲವಲ್ಲ. ಮನೆಯಲ್ಲಿ ಒಂದು ಸಲ, ತೆಕ್ಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗ ಒಂದು ಸಲ, ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಮತ್ತೊಂದು ಸಲ. ಮೂವತ್ತೆಂಟು ವರ್ಷ ಮುಂಬೈಯ ಹೋಟೆಲುಗಳಲ್ಲಿ ದುಡಿದು, ಅದರಲ್ಲಿ ಕೊನೆಯ ಹದಿನೈದು ವರ್ಷ ಅಂಧೇರಿಯಲ್ಲಿ ಮ್ಯಾನೇಜರ್ ಎನಿಸಿಕೊಂಡವನಿಗೆ ಹೆಂಡತಿ ಹೀಗೆ ಬಸ್ಸಿನವರೆಲ್ಲ ಕೇಳುವ ಹಾಗೆ ಹೇಳಿದರೆ ಸಿಟ್ಟು ಬಾರದಿರುತ್ತದೆಯೇ? ಬಂತು. ಆದರೂ ಕೈ ಬೀಸಿದೆ.

ಅವಳು ಹೋದದ್ದು ಮಗಳು ರಮಿತಾಳ ಬಾಣಂತನಕ್ಕೆ. ಮೊದಲ ಹೆರಿಗೆ ಇಲ್ಲೇ ಆಗಿತ್ತು. ಇದು ಎರಡನೆಯದು, ದೊಡ್ಡವನಿಗೆ ಶಾಲೆ, ಅಳಿಯನಿಗೆ ರಜೆಯಿಲ್ಲ. ಹಾಗಾಗಿ ಮಗಳು ಇಲ್ಲಿಗೆ ಬರುವ ಬದಲು ತಾಯಿಯೇ ಅಲ್ಲಿಗೆ ಹೋದಳು. ಮಾರ್ಚಿನಲ್ಲಿ ಹೋಗುವಾಗ ಮೂರು ತಿಂಗಳು ಎಂದಿದ್ದಳು. ಆಮೇಲೆ ಮಳೆ ಹಿಡಿಯುವ ಮುಂಚೆ ಬರುತ್ತೇನೆ ಎಂದಳು. ಮಳೆ ಹಿಡಿಯಿತು. ಚೌತಿಗೆ ಎಂದಳು. ಚೌತಿಯೂ ಹೋಯಿತು, ನವರಾತ್ರಿಯೂ ಹೋಯಿತು. ಪ್ರತಿ ಸಲ ಅವಳು ದಿನ ಮುಂದೆ ಹಾಕಿದಾಗಲೂ ನಾನು ಫೋನಿನಲ್ಲಿ "ಅಡ್ಡಿಲ್ಲೆ" ಎಂದೆ. ನಮ್ಮೂರಿನ ಗಂಡಸಿಗೆ ಇದಕ್ಕಿಂತ ಸುಲಭದ ಮಾತು ಬೇರೆ ಇಲ್ಲ.

ಒಳಗೊಳಗೆ ಏನಾಗುತ್ತಿತ್ತು ಎಂದು ಈಗ ಹೇಳಿಬಿಡುತ್ತೇನೆ. ನಮ್ಮ ಮದುವೆಯಾಗಿ ಮೂವತ್ತೆರಡು ವರ್ಷ. ಒಂದೇ ಮಾಡಿನ ಕೆಳಗೆ ಕಳೆದ ದಿನ ಕೂಡಿಸಿದರೆ ಎರಡು ವರ್ಷ ಆಗಲಿಕ್ಕಿಲ್ಲ. ವರ್ಷಕ್ಕೊಮ್ಮೆ ಊರಿಗೆ ಬರುವುದು, ಇಪ್ಪತ್ತು ದಿನ ಇರುವುದು, ಹೋಗುವುದು. ಕಳೆದ ಡಿಸೆಂಬರಿನಲ್ಲಿ ಎಲ್ಲ ಬಿಟ್ಟು ಬಂದೆ. ಎರಡೂವರೆ ತಿಂಗಳು ಇಬ್ಬರೂ ಜೊತೆಗಿದ್ದೆವು. ನಾನು ಎಲ್ಲಿ ಕುಳಿತರೂ ಅವಳಿಗೆ ಗುಡಿಸಲಿಕ್ಕೆ ಅದೇ ಜಾಗ ಬೇಕು. ನಾನು ಚಹಾ ಕುಡಿಯುವ ಹೊತ್ತಿಗೆ ಅವಳ ಗಂಜಿ ಆಗಿರುತ್ತಿತ್ತು. ರಾತ್ರಿ ನಾನು ಟಿವಿ ಹಾಕುವಾಗ ಅವಳು ಮಲಗಿರುತ್ತಿದ್ದಳು. ಮಾರ್ಚಿನಲ್ಲಿ ಅವಳು ಬಸ್ಸು ಹತ್ತಿದ ಚುರುಕು ನೋಡಿ, ಇವಳು ಬಾಣಂತನಕ್ಕೆ ಹೋಗುತ್ತಿಲ್ಲ, ನನ್ನಿಂದ ತಪ್ಪಿಸಿಕೊಂಡು ಹೋಗುತ್ತಿದ್ದಾಳೆ ಎಂದು ನನ್ನ ತಲೆಯೊಳಗೆ ಕೂತುಬಿಟ್ಟಿತು. ಈ ಮನೆಯಲ್ಲಿ ನಾನು ಇರುವುದು ಅವಳಿಗೆ ಬೇಕೋ ಬೇಡವೋ, ಅದೊಂದು ನನಗೆ ಗೊತ್ತಾಗಬೇಕಿತ್ತು.

ಮನೆಯೂ ನನ್ನದಲ್ಲ. ನಮ್ಮಲ್ಲಿ ಮನೆ ಹೆಣ್ಣಿನ ಕಡೆಯಿಂದ ಬರುತ್ತದೆ. ಇದು ಪದ್ದುವಿನ ತಾಯಿಯ ಪಾಲಿನದು, ಆಮೇಲೆ ಅವಳದು. ನಾನು ಹಂಗಾರಕಟ್ಟೆ ಕಡೆಯವನು, ಇಲ್ಲಿಗೆ ಬಂದುಹೋಗುವ ಗಂಡ. ಗೋಡೆಯಲ್ಲಿ ನಾನು ಹೊಡೆದ ಒಂದು ಮೊಳೆ ಕೂಡ ಇರಲಿಲ್ಲ. ಮನೆ ಚಂದ ಮಾಡಿಟ್ಟರೆ ಅವಳು ಬಂದಾಳು, ಬಂದು ನೋಡಿ ಇವರೂ ಇರಲಿ ಅಂದಾಳು ಎಂದು ಲೆಕ್ಕ ಹಾಕಿ ಕೆಲಸಕ್ಕೆ ಇಳಿದೆ.

ಮೊದಲು ಅಡಿಗೆಮನೆ. ಪದ್ದುವಿನ ಡಬ್ಬಗಳಲ್ಲಿ ಹೊರಗೆ ಬರೆದದ್ದು ಒಂದು, ಒಳಗೆ ಇರುವುದು ಇನ್ನೊಂದು. ಬಿಸ್ಕತ್ತಿನ ಡಬ್ಬದಲ್ಲಿ ಉದ್ದು, ಮಿಠಾಯಿ ಡಬ್ಬದಲ್ಲಿ ಕುಚ್ಚಲಕ್ಕಿ ನುಚ್ಚು, ಹಾರ್ಲಿಕ್ಸ್ ಬಾಟ್ಲಿಯಲ್ಲಿ ಮೆಣಸಿನ ಹುಡಿ. ನಾನು ಎಲ್ಲ ಖಾಲಿ ಮಾಡಿ, ಸೋಡಾ ಹಾಕಿ ತೊಳೆದು, ಬಿಸಿಲಿಗಿಟ್ಟು, ಹೊಸ ಡಬ್ಬ ತಂದು ಹೋಟೆಲಿನ ಸ್ಟೋರಿನಲ್ಲಿ ಇಡುವ ಹಾಗೆ ಹೆಸರಿನ ಚೀಟಿ ಅಂಟಿಸಿ ಅಕಾರಾದಿಯಾಗಿ ಜೋಡಿಸಿದೆ. ಕುಂದಾಪುರಕ್ಕೆ ನಾಲ್ಕು ಸಲ ಹೋದೆ. ಮೂರು ದಿನ ನನ್ನನ್ನು ಹಿಡಿಯುವವರಿಲ್ಲ. ನಾಲ್ಕನೆಯ ದಿನ ಒಗ್ಗರಣೆಗೆ ಎಣ್ಣೆ ಕಾಯುವಾಗ ಕೈ ತಾನಾಗಿ ಒಲೆಯ ಬಲಕ್ಕೆ ಹೋಯಿತು. ಸಾಸಿವೆ ಅಲ್ಲಿರಲಿಲ್ಲ, ಅದು ಅಕ್ಷರದ ಲೆಕ್ಕದಲ್ಲಿ ಆಚೆ ತುದಿಗೆ ಹೋಗಿತ್ತು. ಅವಳು ಜೋಡಿಸಿದ್ದು ಕೈಗೆ ಎಟುಕುವ ಲೆಕ್ಕದಲ್ಲಿ. ಎಣ್ಣೆ ಹೊತ್ತಿತು.

ಆಮೇಲೆ ರಿಪೇರಿ. ಈ ಮನೆಯಲ್ಲಿ ಕೆಟ್ಟದ್ದೆಲ್ಲ ಪದ್ದು ತಾನೇ ಸರಿ ಮಾಡಿಕೊಂಡಿದ್ದಳು. ಬಚ್ಚಲಿನ ನಲ್ಲಿಗೆ ಹಳೆ ಸೀರೆಯ ಪಟ್ಟಿ ಸುತ್ತಿ ಕಟ್ಟಿದ್ದಳು. ಕುರ್ಚಿಯ ಕಾಲಿಗೆ ಸೈಕಲ್ ಟ್ಯೂಬು. ಮಾಡಿನ ನೀರು ಬೀಳುವ ಪೈಪು ತೆಂಗಿನ ಹುರಿಯಲ್ಲಿ ನೇತಾಡುತ್ತಿತ್ತು. ಕಿಟಕಿಯ ಒಡೆದ ಗಾಜಿಗೆ ಹಾಲಿನ ಪ್ಯಾಕೆಟ್ಟು ಕತ್ತರಿಸಿ ಅಂಟಿಸಿದ್ದಳು. ಮ್ಯಾನೇಜರನ ಕಣ್ಣಿಗೆ ಇದೆಲ್ಲ ಅಸಹ್ಯ. ಒಂದೊಂದೇ ಬಿಚ್ಚತೊಡಗಿದೆ. ನಲ್ಲಿಗೆ ಹೊಸ ವಾಷರ್ ಹಾಕಿದೆ, ಕುರ್ಚಿಗೆ ಸ್ಕ್ರೂ ಬಿಗಿದೆ, ಪೈಪಿಗೆ ಕ್ಲಾಂಪು ಹೊಡೆದೆ. ಹೇಗೆ ಮಾಡುವುದೆಂದು ಮೊಬೈಲಿನಲ್ಲಿ ವಿಡಿಯೊ ಇರುತ್ತದೆ, ಅದರಲ್ಲೇನೂ ವಿದ್ಯೆ ಇಲ್ಲ.

ಆದರೆ ಎಲ್ಲ ಕಡೆ ಒಂದೇ ಗಂಟು. ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸಿ, ಉಗುರೂ ಹೋಗದ ಹಾಗೆ ಬಿಗಿದದ್ದು. ನಲ್ಲಿಯ ಗಂಟು ಬಿಚ್ಚುವಾಗ ನೆನಪಾಯಿತು. ಯಾವುದೋ ವರ್ಷ ಫೋನಿನಲ್ಲಿ "ಬಚ್ಲಂಗೆ ನಲ್ಲಿ ಸೋರ್ತಿತ್ತ್" ಎಂದಿದ್ದಳು. ಗಿರಾಕಿಗಳ ಗಲಾಟೆಯ ನಡುವೆ ನಾನು "ಯಾರನ್ನಾರೂ ಕರ್ಸ್" ಎಂದು ಫೋನ್ ಇಟ್ಟಿದ್ದೆ. ಅವಳು ಯಾರನ್ನೂ ಕರೆಸಿರಲಿಲ್ಲ. ನಾನು ಬಚ್ಚಲಿನ ಕಲ್ಲಿನ ಮೇಲೆ ಕೂತೆ. ಕೈಯಲ್ಲಿ ಒದ್ದೆ ಪಟ್ಟಿ ಹಿಡಿದುಕೊಂಡು, ಇವಳು ಈಗ ಬಂದು ನನಗೆ ಬೈದರೆ ಎಷ್ಟು ಚಂದ ಅನ್ನಿಸಿತು. ಅವಳ ನೆನಪು ಬರುತ್ತಿದೆ ಎಂದು ಫೋನಿನಲ್ಲಿ ಹೇಳುವ ಪ್ರಾಯ ನನ್ನದಲ್ಲ. ದಿನಾ ಹನ್ನೊಂದು ಗಂಟೆಗೆ, ಮಗುವನ್ನು ಮೀಯಿಸಿ ಮಲಗಿಸಿ ಅವಳು ಫೋನ್ ಮಾಡುತ್ತಿದ್ದಳು. ಮಗು ಮಗುಚಿದ್ದು, ಮಗು ನಕ್ಕಿದ್ದು, ದೊಡ್ಡವನ ಪರೀಕ್ಷೆ, ಅಷ್ಟೇ ಮಾತು. ನಾನು ಹೂಂ ಹೂಂ ಎನ್ನುತ್ತಿದ್ದೆ.

ಕೊನೆಗೆ ಉಳಿದದ್ದು ಎದುರಿನ ಬಾಗಿಲು. ಹಳೆಯ ಹಲಸಿನ ಬಾಗಿಲು, ಒಳಗೆ ಮರದ ಅಗುಳಿ. ಅಗುಳಿ ಎಂದರೆ ಗೇಣುದ್ದದ ಅಡ್ಡಪಟ್ಟಿ, ಬಾಗಿಲು ಹಾಕಿದಾಗ ತಾನಾಗಿ ಗೂಟಕ್ಕೆ ಬೀಳುತ್ತದೆ. ಅದರ ಮೇಲೆ ಬಾಗಿಲಿನಲ್ಲೊಂದು ತೂತು, ತೂತಿನಲ್ಲೊಂದು ಕೆಂಪು ದಾರ. ದಾರದ ಒಂದು ತುದಿ ಅಗುಳಿಗೆ ಕಟ್ಟಿತ್ತು, ಇನ್ನೊಂದು ಹೊರಗೆ ಜಗಲಿಯ ಕಡೆ ನೇತಾಡುತ್ತಿತ್ತು. ಹೊರಗಿನಿಂದ ಎಳೆದರೆ ಅಗುಳಿ ಏಳುತ್ತದೆ, ಬಾಗಿಲು ತೆರೆಯುತ್ತದೆ.

ಈ ದಾರ ಕಂಡರೆ ನನಗೆ ಹಿಂದಿನಿಂದಲೂ ಆಗುತ್ತಿರಲಿಲ್ಲ. ಯಾವುದೋ ವರ್ಷ ನಾನು ಊರಿಗೆ ಬಂದ ಮರುದಿನ, ಪಕ್ಕದ ಮನೆಯ ಬೇಬಿ ಹಾಲು ಕರೆಯುವ ಚೊಂಬು ಹಿಡಿದು ಬಂದು, ದಾರ ಎಳೆದು ಸೀದಾ ಒಳಗೆ ಹೋದದ್ದನ್ನು ನೋಡಿದ್ದೆ. ಆಗ ಮನೆಯಲ್ಲಿ ದನ ಇತ್ತು. ಬೇಬಿಗೆ ದಾರ, ನನಗೆ ಅಂಗಳ. ಏಕೆಂದರೆ ನನ್ನ ಅಮ್ಮ ಮದುವೆಯ ದಿನವೇ ಹೇಳಿಕೊಟ್ಟಿದ್ದಳು, ಹೆಂಡತಿಯ ಮನೆಗೆ ಹೋಗುವ ಗಂಡು ಅಂಗಳದಲ್ಲಿ ನಿಂತು ಸ್ವರ ಕೊಡಬೇಕು, ಒಳಗಿನವರು ಬಂದು ಬಾಗಿಲು ತೆಗೆಯಬೇಕು, ಆಗ ಮರ್ಯಾದೆ ಎಂದು. ನಾನು ಅಮ್ಮನ ಮಾತು ಒಂದು ವರ್ಷವೂ ಮೀರಲಿಲ್ಲ. ಮುಂಬೈ ಬಸ್ಸು ಬೆಳಿಗ್ಗೆ ಐದಕ್ಕೆ ಹೆದ್ದಾರಿಯಲ್ಲಿ ಇಳಿಸಿದರೆ, ಬ್ಯಾಗು ಹೊತ್ತು ನಡೆದು ಬಂದು, ಅಂಗಳದಲ್ಲಿ ನಿಂತು "ಹ್ವಾಯ್" ಎನ್ನುತ್ತಿದ್ದೆ. ಪದ್ದು ಎದ್ದು ಬಂದು ಬಾಗಿಲು ತೆಗೆಯುತ್ತಿದ್ದಳು.

ಈಗ ದನವೂ ಇಲ್ಲ. ದಾರ ಕತ್ತರಿಸಿ ಬಿಸಾಡಿದೆ. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತೂತಿಗೆ ತುಂಬಿ, ಮರುದಿನ ಉಜ್ಜಿ, ಪಾಲಿಶ್ ಹಚ್ಚಿದೆ. ತೂತು ಇದ್ದದ್ದೇ ಗೊತ್ತಾಗದ ಹಾಗೆ ಮಾಡಿದೆ. ಅಗುಳಿ ತೆಗೆದು ಒಳಗೆ ಸ್ಟೀಲಿನ ಬೋಲ್ಟು ಕೂರಿಸಿದೆ. ಹಳೆ ಅಗುಳಿಯನ್ನು ಬಚ್ಚಲಿನ ಒಲೆಗೆ ಹಾಕಿ ಆ ನೀರಿನಲ್ಲಿ ಹಾಯಾಗಿ ಮಿಂದೆ.

ಮಿಂದು ಜಗಲಿಗೆ ಬರುವಾಗ ಬೇಬಿ ಬಸಳೆಯ ಕಟ್ಟು ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದಳು. ಅವಳಿಗೆ ಈಗ ಅರವತ್ತೈದು ದಾಟಿದೆ, ಕಣ್ಣು ಮಾತ್ರ ಚುರುಕು. ಬಾಗಿಲನ್ನೇ ನೋಡುತ್ತಿದ್ದಳು.

"ಶೆಟ್ರೆ, ಇಲ್ಲಿದ್ದ್ ದಾರ ಎಲ್ ಹೋಯ್ತ್?"

"ತೆಗ್ದೆ ಬೇಬಕ್ಕ. ನೀವೀಗ ಹಾಲ್ ಕರುಕೆ ಬತ್ತಿಲ್ಲೆ ಅಲ್ದಾ? ಮತ್ಯಾರಿಗೆ ಅದ್?"

"ನಂಗಾ?" ಬೇಬಿ ಬಸಳೆಯನ್ನು ಮೆಟ್ಟಿಲ ಮೇಲಿಟ್ಟಳು. "ನಾನ್ ಯಾವತ್ತೂ ಹಿಂದಿನ್ ಬಾಗ್ಲಂಗೇ ಬಪ್ದ್. ಒಂದಿನ ಪದ್ದಕ್ಕ ಮಿಂತಿದ್ರ್, ಹಿಂದ್ ಬಾಗ್ಲ್ ಹಾಕಿತ್ತ್, ಹಾಂಗಾಯಿ ಇದನ್ ಎಳ್ದ್ ಒಳಗ್ ಹೋದೆ. ಅದ್ಕೆ ಎಷ್ಟ್ ಬೈದ್ರ್ ಗೊತ್ತಿತ್ತಾ? ಇನ್ನೊಂದ್ ಸಲ ಮುಟ್ರೆ ಕೈ ಮುರಿತೆ ಅಂದಿದ್ರ್."

"ಮತ್ ಯಾರಿಗೆ ಕಟ್ಟದ್?"

"ಅದ್ ನಂಗ್ ಹ್ಯಾಂಗ್ ಗೊತ್ತ್ ಮಾರಾಯ್ರೆ. ನೀವ್ ಬಪ್ಪು ಹಿಂದಿನ್ ದಿನ ಹಳೆ ದಾರ ಬಿಚ್ಚಿ ಹೊಸ್ತ್ ಕಟ್ತಿದ್ರ್. ನೀವ್ ತಿರ್ಗಿ ಬಸ್ ಹತ್ತದ್ ಕೂಡ್ಲೆ ಒಳಗ್ ಎಳ್ಕಂತಿದ್ರ್. ವರ್ಷ ಇಡೀ ಒಳಗೇ ಇಪ್ಪುದ್. ಈ ಸಲ ಮಾತ್ರ ಎಳ್ಕಳ್ದೇ ಮುಂಬೈಗ್ ಹೋಯಿರ್." ನನ್ನ ಮುಖ ನೋಡಿ ಅವಳು ಮಾತು ನಿಲ್ಲಿಸಿದಳು. "ಅವ್ರತ್ರೇ ಕೇಣಿ" ಎಂದು ಹೇಳಿ ಹೋದಳು.

ಮರುದಿನ ಹನ್ನೊಂದರವರೆಗೆ ಕಾಯಲಿಕ್ಕೆ ನನ್ನಿಂದಾಗಲಿಲ್ಲ. ಆಗಲೇ ಫೋನ್ ಮಾಡಿದೆ. ತೆಗೆದವಳು ರಮಿತಾ. ನಾನಾಗಿ ಫೋನ್ ಮಾಡುವವನೇ ಅಲ್ಲವಲ್ಲ, ಅವಳು ಹೆದರಿದಳು. "ಅಪ್ಪಯ್ಯ, ಎಂತಾಯ್ತ್? ಹುಶಾರಿದ್ರಿ ಅಲ್ದಾ?" ಎಂದಳು. ಅಮ್ಮನಿಗೆ ಕೊಡು ಎಂದೆ.

"ಎದ್ರಿನ್ ಬಾಗ್ಲಿನ್ ದಾರ ತೆಗ್ದೆ" ಎಂದೆ ಪದ್ದುವಿಗೆ. "ತೂತೂ ಮುಚ್ಚದೆ."

ಆ ಕಡೆ ಮಗು ಏನೋ ಕುಟ್ಟುವ ಸದ್ದು ಮಾತ್ರ ಕೇಳುತ್ತಿತ್ತು.

"ಅಗ್ಳಿ?" ಎಂದಳು.

"ಒಲಿಗ್ ಹಾಕ್ದೆ."

ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ.

"ಬೇಬಿಗೆ ಕಟ್ಟದ್ ಅಂದೇಳಿ ಗ್ರೇಶಿದ್ದೆ" ಎಂದೆ.

"ಬೇಬಿಗಾ? ಬೇಬಿಗೆ ನಾನ್ ಸೀರಿ ಅಂಚ್ ಹರ್ದ್ ದಾರ ಹೊಸಿತ್ನಾ?" ಅವಳ ಸ್ವರ ಏರಿತು, ಮತ್ತೆ ಇಳಿಯಿತು. ಫೋನು ಹಿಡಿದು ಎಲ್ಲೋ ಆಚೆ ಹೋದಳೆಂದು ಕಾಣುತ್ತದೆ, ಮಗುವಿನ ಸದ್ದು ದೂರವಾಯಿತು. "ಮದಿ ಆಯಿ ಮೊದಲ್ನೆ ಸಲ ನೀವ್ ಬಂದದ್ ನೆನ್ಪಿತ್ತಾ? ಬೆಳಿಗ್ಗೆ ಐದ್ ಗಂಟಿ. ಅಂಗಳದಂಗ್ ನಿಂತ್ ಹ್ವಾಯ್ ಅಂದ್ರಿ. ಇಡೀ ಮನೆ ಎದ್ಕಂಡ್ತ್. ಅಮ್ಮ, ಸೋದರ್ಮಾವ ಎಲ್ಲ ಜಗ್ಲಿಗ್ ಬಂದ್ರ್. ನಾನ್ ಅಡ್ಗಿಮನಿ ಬಾಗ್ಲ್ ಹಿಂದ್ ನಿಂತಿದ್ದೆ. ನೀವ್ ಅವ್ರತ್ರ ಮಾತಾಡಿ, ಚಾ ಕುಡ್ದ್, ಮುಂಬೈ ಸುದ್ದಿ ಎಲ್ಲ ಹೇಳಿ, ನಾನ್ ನಿಮ್ ಮುಖ ಕಾಂಬತಿಗೆ ಬಿಸ್ಲ್ ಬಂದಿತ್ತ್. ಮರ್ ವರ್ಷ ನಾನೇ ಆ ತೂತ್ ಕೊರ್ದೆ. ಸದ್ದಿಲ್ದೆ ಒಳಗ್ ಬರ್ಲಿ, ಮೊದ್ಲ್ ನಾನ್ ಕಾಣ್ಕ್ ಅಂದೇಳಿ."

"ಒಂದ್ ಮಾತ್ ಹೇಳುಕಾಗ್ದಾ?"

"ಹೆಂಗ್ಸಾಯಿ, ದಾರ ಎಳ್ದ್ ಒಳಗ್ ಬನ್ನಿ ಅಂದೇಳಿ ಹ್ಯಾಂಗ್ ಹೇಳುದ್? ಕೆಂಪ್ ದಾರ. ಕಣ್ಣಿಗ್ ಕಾಂತಿಲ್ಯಾ ನಿಮ್ಗೆ?"

ಕಾಣುತ್ತಿತ್ತು. ಪ್ರತಿ ವರ್ಷ ಕಾಣುತ್ತಿತ್ತು. ಅಮ್ಮ ಹೇಳಿಕೊಟ್ಟ ಮರ್ಯಾದೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಅದನ್ನು ನೋಡುತ್ತಲೇ ಅಂಗಳದಲ್ಲಿ ನಿಂತು ಕೂಗುತ್ತಿದ್ದೆ.

"ನಂಗೆ ಎಚ್ರ ಇರ್ತಿತ್ತ್" ಎಂದಳು ಪದ್ದು. "ಹೈವೇಲಿ ಬಸ್ ನಿಂತದ್ದ್ ಕೇಂತಿತ್ತ್. ನಿಮ್ ಚಪ್ಲಿ ಸದ್ದ್ ಕೇಂತಿತ್ತ್. ಈ ಸಲ ಎಳಿತ್ರ್, ಈ ಸಲ ಎಳಿತ್ರ್ ಅಂದೇಳಿ ಮಲ್ಕಂಡೇ ಇರ್ತಿದ್ದೆ. ನೀವ್ ಹ್ವಾಯ್ ಅಂಬ್ರಿ. ಮತ್ತೆಂತ, ಎದ್ದ್ ಬಪ್ದ್."

ಅವಳ ತಾಯಿ ತೀರಿಕೊಂಡು ಇಪ್ಪತ್ತು ವರ್ಷವಾಯಿತು, ಸೋದರಮಾವ ಅದಕ್ಕೂ ಮುಂಚೆ. ಆಮೇಲೆ ಮನೆಯಲ್ಲಿ ಇದ್ದದ್ದು ಅವಳು, ಮಗಳು, ಇಬ್ಬರೇ. ಆದರೂ ಏಕೆ ಕಟ್ಟಿದೆ ಎಂದು ಕೇಳಿದೆ.

"ಅಭ್ಯಾಸ ಆಯಿತ್ತ್" ಎಂದಳು.

ನನಗೆ ಕಣ್ಣು ತುಂಬಿತು. ಸುಳ್ಳು ಹೇಳುವುದಿಲ್ಲ, ಜಗಲಿಯ ಮೆಟ್ಟಿಲ ಮೇಲೆ ಬಸಳೆಯ ಕಟ್ಟಿನ ಪಕ್ಕ ಕೂತು ಅತ್ತೆ. ಅವಳಿಗೆ ಕೇಳಿಸಿರಬೇಕು. ಫೋನು ಇಡದೆ ಹಿಡಿದುಕೊಂಡಿದ್ದಳು.

"ನೀ ಬಪ್ದನ್ ಮುಂದ್ ಹಾಕ್ದಲ್ಲೆಲ್ಲ ನಾನ್ ಅಡ್ಡಿಲ್ಲೆ ಅಂದೆ" ಎಂದೆ. "ಅಡ್ಡಿ ಇತ್ತ್ ಪದ್ದು."

"ನೀವ್ ಅಡ್ಡಿಲ್ಲೆ ಅಂದದ್ ಕೇಂಡಿ, ನಾನ್ ಇಲ್ದಿರೂ ಇವ್ರಿಗ್ ಆತ್ತ್ ಅಂದೇಳಿ ನಾನ್ ಗ್ರೇಶಿದೆ. ಅಲ್ಲಿ ಇದ್ದಾಗ್ಳೂ ನೀವ್ ನನ್ ಹತ್ರ ಎಂತ ಮಾತಾಡ್ತಿದ್ರಿ? ಟಿವಿ ಹತ್ರ ಮಾತಾಡ್ತಿದ್ರಿ."

"ಯಾವತ್ತ್ ಬತ್ತೆ?" ಎಂದೆ.

ಈ ಮಾತನ್ನು ನಾನು ಅವಳಲ್ಲಿ ಜೀವಮಾನದಲ್ಲಿ ಕೇಳಿದ್ದಿಲ್ಲ. ಕೇಳುವವಳು ಯಾವಾಗಲೂ ಅವಳೇ. ಮೊದಲು ಕಾಗದದ ಕೊನೆಯ ಸಾಲಿನಲ್ಲಿ, ಆಮೇಲೆ ತೆಕ್ಕಟ್ಟೆಯ ಅಂಗಡಿಯ ಫೋನಿನಿಂದ, ಆಮೇಲೆ ಮೊಬೈಲಿನಲ್ಲಿ. ಸೀಸನ್ನು, ರಜೆ, ಮಾಲಿಕರು ಎಂದು ಏನಾದರೊಂದು ಹೇಳಿ ನಾನು "ಕಾಂಬ", ಅಂದರೆ ನೋಡೋಣ, ಎನ್ನುತ್ತಿದ್ದೆ. ಕೇಳುವವರ ಕಡೆ ನಿಂತರೆ ಎದೆ ಇಷ್ಟು ಹೊಡೆದುಕೊಳ್ಳುತ್ತದೆ ಎಂದು ಗೊತ್ತಿರಲಿಲ್ಲ.

ಆ ಕಡೆ ಮಗು ಅಳತೊಡಗಿತು. ರಮಿತಾ ಅಮ್ಮಾ ಎಂದು ಕರೆದಳು.

"ಕಾಂಬ" ಎಂದಳು ಪದ್ದು. "ರಮಿತಾ ಮುಂದಿನ್ ವಾರ ಡ್ಯೂಟಿಗ್ ಹೋಯ್ಕ್. ಮಗಿನ್ ಕಾಂಬುಕೆ ಒಬ್ರ್ ಸಿಕ್ಕದ್ ಕೂಡ್ಲೆ ಬತ್ತೆ." ಸೇಡಿಗೆ ಹೇಳಿದ ಮಾತಲ್ಲ, ಇದ್ದದ್ದನ್ನು ಹೇಳಿದಳು. ಅದೇ ಹೆಚ್ಚು ನೋಯಿಸಿತು.

ಮರುದಿನ ಉಳಿ, ಸುತ್ತಿಗೆ ಹಿಡಿದು ತೂತಿನ ಎದುರು ಕೂತೆ. ಚೆನ್ನಾಗಿ ಗಟ್ಟಿಯಾಗಿತ್ತು, ನನ್ನ ಕೆಲಸ ಹಾಗೆ. ಪಾಲಿಶ್ ಹಚ್ಚಿದ ಬಾಗಿಲಿಗೆ ಎರಡು ಕಡೆ ಗಾಯವಾಯಿತು. ಸ್ಟೀಲಿನ ಬೋಲ್ಟು ಬಿಚ್ಚಿ ತೆಗೆದೆ. ಅಗುಳಿಗೆ ಅಟ್ಟದಲ್ಲಿದ್ದ ಹಲಸಿನ ತುಂಡು ಸಿಕ್ಕಿತು. ಆಚಾರಿ ಚಂದಯ್ಯ ದಾರಿಯಲ್ಲಿ ಹೋಗುವವನು ನಿಂತು ನೋಡಿ, "ಕೊಡಿ ಶೆಟ್ರೆ, ಹತ್ತ್ ನಿಮ್ಷದ್ ಕೆಲ್ಸ" ಎಂದ. ಕೊಡಲಿಲ್ಲ. ನನಗೆ ಮೂರು ದಿನ ಹಿಡಿಯಿತು. ಮೊದಲನೆಯದು ಸೀಳಿತು. ಎರಡನೆಯದು ಬೀಳುತ್ತಿತ್ತು, ಏಳುತ್ತಿರಲಿಲ್ಲ. ಮೂರನೆಯದು ಸರಿಯಾಯಿತು.

ದಾರಕ್ಕೆ ಅವಳ ಸೀರೆ ಹರಿಯುವ ಧೈರ್ಯವಾಗಲಿಲ್ಲ. ನನ್ನ ಮದುವೆಯ ಪಂಚೆ ಇತ್ತು, ಕೆಂಪು ಅಂಚಿನದು. ಅಂಚು ಹರಿದು ತೊಡೆಯ ಮೇಲಿಟ್ಟು ಹೊಸೆದೆ. ಗಂಟು ಮಾತ್ರ ಅವಳ ಹಾಗೆ ಬರಲಿಲ್ಲ. ತೂತಿನಿಂದ ತೂರಿಸಿ ಹೊರಗೆ ಬಿಟ್ಟು, ಅಂಗಳಕ್ಕೆ ಇಳಿದು, ಗೇಟಿನ ತನಕ ಹೋಗಿ ತಿರುಗಿ ನೋಡಿದೆ. ಅಲ್ಲಿಂದಲೂ ಕಾಣುತ್ತಿತ್ತು.

ಇದಾಗಿ ಹನ್ನೆರಡು ದಿನವಾಯಿತು. ಈಗ ನನಗೆ ಬೆಳಿಗ್ಗೆ ಐದಕ್ಕೆ ತಾನಾಗಿ ಎಚ್ಚರವಾಗುತ್ತದೆ. ಹೆದ್ದಾರಿಯಲ್ಲಿ ಮುಂಬೈ ಬಸ್ಸು ನಿಲ್ಲುವುದು ಕೇಳುತ್ತದೆ. ಎದ್ದು ಹೋಗಿ ನೋಡಬಹುದು, ನೋಡುವುದಿಲ್ಲ. ಹಾಸಿಗೆಯಲ್ಲೇ ಮಲಗಿ ಚಪ್ಪಲಿಯ ಸದ್ದಿಗೆ ಕಿವಿಗೊಡುತ್ತೇನೆ. ಬಸ್ಸು ಹೊರಡುತ್ತದೆ. ಇನ್ನೂ ಸ್ವಲ್ಪ ಹೊತ್ತು ಕಾಯುತ್ತೇನೆ, ಆಮೇಲೆ ಎದ್ದು ಚಹಾಕ್ಕೆ ನೀರಿಡುತ್ತೇನೆ.